ವಿಸ್ತೀರ್ಣ ಗೊತ್ತಿದೆ, ಬಾಹುವಿನ ಉದ್ದ ಎಷ್ಟು? ಎಂಟು ಮೂಲೆಯ ವೇದಿಕೆಯ ಲೆಕ್ಕ

ಉಳಿಬಾಚಿ ಕೇಳಿದ್ದಾರೆ:

ನಮಸ್ಕಾರ. ನಾನು ಮರಗೆಲಸ ಮಾಡುವವನು. ಒಂದು ಶಾಲೆಯ ಅಂಗಳದಲ್ಲಿ ಮಕ್ಕಳು ಕುಳಿತು ಓದುವುದಕ್ಕೆ ಎಂಟು ಮೂಲೆಯ ಮರದ ವೇದಿಕೆ ಮಾಡಿಕೊಡಬೇಕಾಗಿದೆ. ಕೈಗೆ ಬಂದಿರುವ ಕಾಗದದಲ್ಲಿ ಇರುವುದು ಇಷ್ಟೇ: ನಿಯಮಿತ ಅಷ್ಟಭುಜ, ಮೇಲ್ಮೈ ವಿಸ್ತೀರ್ಣ 6 ಚದರ ಮೀಟರ್. ಒಂದೊಂದು ಬಾಹು ಎಷ್ಟು ಉದ್ದ, ಈ ಬದಿಯಿಂದ ಎದುರು ಬದಿಗೆ ಎಷ್ಟು ಅಗಲ ಎಂಬುದು ಎಲ್ಲಿಯೂ ಇಲ್ಲ.

ಬಾಹು ಕೊಟ್ಟರೆ ವಿಸ್ತೀರ್ಣ ಕಂಡುಹಿಡಿಯುವುದನ್ನು ಶಾಲೆಯಲ್ಲಿ ಕಲಿತಿದ್ದೇನೆ. ಇಲ್ಲಿ ದಾರಿ ಹಿಂದುಮುಂದಾಗಿದೆ. ಒಂದು ಕೈಪಿಡಿಯಲ್ಲಿ ಈ ಸೂತ್ರ ಸಿಕ್ಕಿತು:

ಬಾ = √( 4 × ವಿ × ಟ್ಯಾನ್(180 ÷ ಸಂ) ÷ ಸಂ )

ಬಾ ಎಂದರೆ ಬಾಹುವಿನ ಉದ್ದ, ವಿ ಎಂದರೆ ವಿಸ್ತೀರ್ಣ, ಸಂ ಎಂದರೆ ಬಾಹುಗಳ ಸಂಖ್ಯೆ. ವಿ ಜಾಗದಲ್ಲಿ 6, ಸಂ ಜಾಗದಲ್ಲಿ 8 ಹಾಕಿದೆ. ನನ್ನ ಮೊಬೈಲಿನ ಕ್ಯಾಲ್ಕುಲೇಟರ್ 1.294 ಮೀಟರ್ ಎನ್ನುತ್ತದೆ. ಮಗಳ ಶಾಲೆಯ ಕ್ಯಾಲ್ಕುಲೇಟರ್ 1.115 ಮೀಟರ್ ಎನ್ನುತ್ತದೆ. ಒತ್ತಿದ ಗುಂಡಿಗಳು ಎರಡರಲ್ಲಿಯೂ ಅವೇ. ಒಂದು ಬಾಹುವಿಗೆ ಸುಮಾರು 18 ಸೆಂಟಿಮೀಟರ್ ವ್ಯತ್ಯಾಸ, ಅಂಥವು ಎಂಟು.

ಯಾವುದು ಸರಿ? ಅದಕ್ಕಿಂತ ಮುಖ್ಯವಾಗಿ, ಈ ಸೂತ್ರ ಎಲ್ಲಿಂದ ಬಂತು? ಕಾರಣ ತಿಳಿಯದ ಅಳತೆಗೆ ಗರಗಸ ಹಚ್ಚುವುದು ನನಗೆ ಇಷ್ಟವಿಲ್ಲ. ಕೊಯ್ದ ಮರ ಮತ್ತೆ ಬೆಳೆಯುವುದಿಲ್ಲ.

ಕೋನಮಾಪಕ ಉತ್ತರಿಸಿದ್ದಾರೆ:

1.115 ಸರಿ. ನಿಮ್ಮ ಮೊಬೈಲ್ ಕೋನವನ್ನು ಡಿಗ್ರಿಯಲ್ಲಿ ಓದುತ್ತಿಲ್ಲ, ರೇಡಿಯನ್ನಿನಲ್ಲಿ ಓದುತ್ತಿದೆ. 180 ÷ 8 = 22.5. ಇದು 22.5 ಡಿಗ್ರಿಯಾದರೆ ಟ್ಯಾನ್ ಬೆಲೆ 0.4142. 22.5 ರೇಡಿಯನ್ ಎಂದು ತಿಳಿದರೆ 0.5579. ಎರಡೂ ಧನ ಸಂಖ್ಯೆಗಳು, ಎರಡೂ ನಂಬುವಂತೆಯೇ ಕಾಣುತ್ತವೆ, ಹಾಗಾಗಿ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಷಡ್ಭುಜದ ಲೆಕ್ಕವಾಗಿದ್ದರೆ ತಕ್ಷಣ ಸಿಕ್ಕಿಬೀಳುತ್ತಿತ್ತು: 30 ರೇಡಿಯನ್ನಿನ ಟ್ಯಾನ್ ಋಣ ಸಂಖ್ಯೆ, ಅದರ ವರ್ಗಮೂಲ ಕೇಳಿದರೆ ಯಂತ್ರ ದೋಷವೆಂದು ಹೇಳಿ ನಿಂತುಬಿಡುತ್ತದೆ. ಅಷ್ಟಭುಜ ಆ ಎಚ್ಚರಿಕೆಯನ್ನು ಕೊಡುವುದಿಲ್ಲ.

ಯಾವ ಯಂತ್ರ ಹಿಡಿದರೂ ಮೊದಲು ಟ್ಯಾನ್ 45 ಒತ್ತಿ ನೋಡಿ. 1 ಬಂದರೆ ಡಿಗ್ರಿ. 1.6198 ಎಂದು ಏನೋ ಬಂದರೆ ರೇಡಿಯನ್, ಬದಲಾಯಿಸಿಕೊಳ್ಳಿ.

1.294 ಮೀಟರಿಗೆ ಕೊಯ್ದಿದ್ದರೆ ವೇದಿಕೆ 8 ಚದರ ಮೀಟರಿಗಿಂತ ತುಸು ದೊಡ್ಡದಾಗುತ್ತಿತ್ತು. ಕೇಳಿದ್ದಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚು.

ರೇಖಾಗಣಿತದ ಟೀಚರ್ ಉತ್ತರಿಸಿದ್ದಾರೆ:

ಉಳಿಬಾಚಿಯವರೇ, ನಿಮ್ಮ ಎರಡನೆಯ ಪ್ರಶ್ನೆ ನನಗೆ ಬಹಳ ಹಿಡಿಸಿತು. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಸೂತ್ರ ಎಲ್ಲಿಂದ ಬಂತು ಎಂದು ಕೇಳುವ ಮಗು ಸಿಕ್ಕಿದ ದಿನ ಪಾಠ ತಾನಾಗಿಯೇ ನಡೆಯುತ್ತದೆ. ಆದ್ದರಿಂದ ನಿಮ್ಮ ಸೂತ್ರವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡೋಣ. ಅದಿಲ್ಲದೆಯೇ ಉತ್ತರ ಸಿಗುತ್ತದೆ.

ಅಷ್ಟಭುಜ ಬರೆಯಿರಿ, ಕೈಬರಹದ ಚಿತ್ರವಾದರೂ ಸಾಕು. ನಡುವೆ ಕೇಂದ್ರ ಗುರುತಿಸಿ, ಅಲ್ಲಿಂದ ಎಂಟೂ ಮೂಲೆಗಳಿಗೆ ಗೆರೆ ಎಳೆಯಿರಿ. ಎಂಟು ತ್ರಿಭುಜಗಳಾದವು, ಎಲ್ಲವೂ ಒಂದೇ ಅಚ್ಚಿನವು. ಒಟ್ಟು ವಿಸ್ತೀರ್ಣ 6, ಹಾಗಾದರೆ ಒಂದೊಂದಕ್ಕೆ 0.75 ಚದರ ಮೀಟರ್. ಇನ್ನು ಮುಂದೆ ಅಷ್ಟಭುಜವನ್ನು ಮರೆತು ಈ ಒಂದು ತ್ರಿಭುಜವನ್ನು ಮಾತ್ರ ನೋಡಿದರೆ ಸಾಕು.

ಕೇಂದ್ರದ ಸುತ್ತ ಇರುವ 360 ಡಿಗ್ರಿಯನ್ನು ಎಂಟು ತ್ರಿಭುಜಗಳು ಸಮನಾಗಿ ಹಂಚಿಕೊಂಡಿವೆ, ಆದ್ದರಿಂದ ನಮ್ಮ ತ್ರಿಭುಜದ ತುದಿಯ ಕೋನ 45 ಡಿಗ್ರಿ. ಆ ತುದಿಯಿಂದ ಪಾದಕ್ಕೆ ಒಂದು ಲಂಬ ಇಳಿಸಿ. ಇದು ಸಮದ್ವಿಬಾಹು ತ್ರಿಭುಜವಾದ ಕಾರಣ ಲಂಬವು ಕೋನವನ್ನೂ ಪಾದವನ್ನೂ ಸರಿಯಾಗಿ ಅರ್ಧ ಮಾಡುತ್ತದೆ. ಈಗ ಸಿಕ್ಕಿದ್ದು ಒಂದು ಲಂಬಕೋನ ತ್ರಿಭುಜ: ಮೇಲಿನ ಕೋನ 22.5 ಡಿಗ್ರಿ, ಅದರ ಎದುರಿಗೆ ಅರ್ಧ ಬಾಹು, ಪಕ್ಕದಲ್ಲಿ ಎತ್ತರ. ಎದುರು ಬಾಹುವನ್ನು ಪಕ್ಕದ ಬಾಹುವಿನಿಂದ ಭಾಗಿಸಿದರೆ ಟ್ಯಾನ್. ಸೂತ್ರದಲ್ಲಿ 180 ÷ ಸಂ ಎಂದು ಬರುವುದು ಇದೇ ಕಾರಣಕ್ಕೆ. ಅದು 360 ÷ ಸಂ ಎಂಬ ಕೇಂದ್ರ ಕೋನದ ಅರ್ಧ, ಬೇರೇನೂ ಅಲ್ಲ.

ಟ್ಯಾನ್ 22.5° = 0.4142. ಅಂದರೆ ಅರ್ಧ ಬಾಹುವು ಎತ್ತರದ 0.4142 ಪಾಲು. ತಿರುಗಿಸಿ ಹೇಳಿದರೆ, ಎತ್ತರ = 0.5 × ಬಾ ÷ 0.4142 = 1.2071 × ಬಾ. ತ್ರಿಭುಜದ ವಿಸ್ತೀರ್ಣ ಪಾದ ಗುಣಿಸು ಎತ್ತರ, ಅದರ ಅರ್ಧ:

0.5 × ಬಾ × 1.2071 × ಬಾ = 0.60355 × ಬಾ²

ಇದು 0.75ಕ್ಕೆ ಸಮನಾಗಬೇಕು. 0.75 ÷ 0.60355 = 1.2426. ಅದರ ವರ್ಗಮೂಲ 1.1147. ನಿಮ್ಮ ಬಾಹು 1.1147 ಮೀಟರ್, ಮಗಳ ಕ್ಯಾಲ್ಕುಲೇಟರ್ ಹೇಳಿದ್ದೇ. ಇದೇ ಲೆಕ್ಕವನ್ನು 8ರ ಬದಲು ಸಂ, 6ರ ಬದಲು ವಿ ಎಂದು ಬರೆದುಕೊಂಡು ಮಾಡಿದರೆ ನಿಮ್ಮ ಕೈಪಿಡಿಯ ಸೂತ್ರವೇ ಅಕ್ಷರಶಃ ಹೊರಬರುತ್ತದೆ.

ಆದರೆ ಕಲಿಸುವವಳಾಗಿ ನನಗೆ ಹೆಚ್ಚು ಪ್ರಿಯವಾದ ದಾರಿ ಇನ್ನೊಂದಿದೆ. ಅದನ್ನು ಹೇಳದೆ ಬಿಡಲಾರೆ.

ಬಾಹು 1 ಮೀಟರ್ ಇರುವ ಅಷ್ಟಭುಜದ ವಿಸ್ತೀರ್ಣ ಎಷ್ಟು? ಮೇಲಿನ 0.60355 ಅನ್ನು ಎಂಟರಿಂದ ಗುಣಿಸಿ: 4.8284 ಚದರ ಮೀಟರ್. ಜಗತ್ತಿನ ಎಲ್ಲ ನಿಯಮಿತ ಅಷ್ಟಭುಜಗಳೂ ಒಂದೇ ಆಕಾರದವು, ಗಾತ್ರ ಮಾತ್ರ ಬೇರೆ. ಬಾಹುವನ್ನು ಎರಡು ಪಟ್ಟು ಮಾಡಿದರೆ ವಿಸ್ತೀರ್ಣ ನಾಲ್ಕು ಪಟ್ಟು, ಮೂರು ಪಟ್ಟು ಮಾಡಿದರೆ ಒಂಬತ್ತು ಪಟ್ಟು. ಹಾಗಾಗಿ ನಿಮಗೆ ಬೇಕಾದ ವಿಸ್ತೀರ್ಣವನ್ನು 4.8284ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಬಾಹು ಬಂತು. 6 ÷ 4.8284 = 1.2426, ಮೂಲ 1.1147. ಟ್ಯಾನ್ ಇಲ್ಲ, ಡಿಗ್ರಿ ರೇಡಿಯನ್ನಿನ ಜಗಳವಿಲ್ಲ.

ಪ್ರತಿ ಆಕೃತಿಗೂ ಇಂಥದೊಂದು ಸಂಖ್ಯೆ ಇದೆ. ಬಾಹು 1 ಇರುವಾಗ ಸಮಬಾಹು ತ್ರಿಭುಜಕ್ಕೆ 0.4330, ಚೌಕಕ್ಕೆ 1, ಪಂಚಭುಜಕ್ಕೆ 1.7205, ಷಡ್ಭುಜಕ್ಕೆ 2.5981, ಸಪ್ತಭುಜಕ್ಕೆ 3.6339, ಅಷ್ಟಭುಜಕ್ಕೆ 4.8284, ದಶಭುಜಕ್ಕೆ 7.6942, ದ್ವಾದಶಭುಜಕ್ಕೆ 11.1962. ಕೆಲಸದ ಕೊಠಡಿಯ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ.

ನನ್ನ ತರಗತಿಯಲ್ಲಿ ಮಕ್ಕಳು ಎಡವುವುದು ಟ್ಯಾನ್ ಹತ್ತಿರ ಅಲ್ಲ, ವರ್ಗಮೂಲದ ಹತ್ತಿರ. ವಿಸ್ತೀರ್ಣ 6ರ ಬದಲು 12 ಆದರೆ ಬಾಹು ಎಷ್ಟು ಎಂದು ಕೇಳಿದರೆ ಹಲವರು 2.23 ಎನ್ನುತ್ತಾರೆ. ಅಲ್ಲ. ವಿಸ್ತೀರ್ಣ ಎರಡು ಪಟ್ಟಾದರೆ ಬಾಹು 1.4142 ಪಟ್ಟು ಮಾತ್ರ, 1.5765 ಮೀಟರ್. 2.23 ಬರಬೇಕಾದರೆ ವೇದಿಕೆ 24 ಚದರ ಮೀಟರ್ ಆಗಬೇಕು. ಇದೇ ಕಾರಣಕ್ಕೆ ಸೆಂಟಿಮೀಟರಿಗೆ ಬದಲಾಯಿಸುವಾಗಲೂ ಎಚ್ಚರ ಬೇಕು: 6 ಚದರ ಮೀಟರ್ ಎಂದರೆ 60,000 ಚದರ ಸೆಂಟಿಮೀಟರ್, 600 ಅಲ್ಲ. 60,000 ÷ 4.8284, ಮೂಲ ತೆಗೆದರೆ 111.47 ಸೆಂಟಿಮೀಟರ್, ಸರಿಹೋಯಿತು. 600 ಹಾಕಿದರೆ 11 ಸೆಂಟಿಮೀಟರಿನ ಆಟಿಕೆ ವೇದಿಕೆ ಬರುತ್ತದೆ.

ಉಳಿಬಾಚಿ ಬರೆದಿದ್ದಾರೆ:

ಟೀಚರ್, ಚಿತ್ರ ಬರೆದು ಒಂದೊಂದೇ ಹೆಜ್ಜೆ ಮಾಡಿದೆ. ಎಲ್ಲವೂ ಕೂಡಿಬಂತು. 0.75 ಚದರ ಮೀಟರಿನ ಒಂದು ತ್ರಿಭುಜ ಎಂದಾಗಲೇ ಅರ್ಧ ಭಯ ಹೋಯಿತು, ಏಕೆಂದರೆ ತ್ರಿಭುಜವನ್ನು ನಾನು ದಿನವೂ ಕೊಯ್ಯುತ್ತೇನೆ. ಕೋನಮಾಪಕರು ಹೇಳಿದಂತೆ ಮೊಬೈಲಿನಲ್ಲಿ ಟ್ಯಾನ್ 45 ಒತ್ತಿದೆ, 1.6198 ಬಂತು. ಈಗ ಡಿಗ್ರಿಗೆ ತಿರುಗಿಸಿದ್ದೇನೆ.

ಮುಂದಿನ ಸಂದೇಹ. ಸುತ್ತಲಿನ ಚೌಕಟ್ಟಿಗೆ 10 ಸೆಂಟಿಮೀಟರ್ ಅಗಲದ ಪಟ್ಟಿಗಳನ್ನು ಮಲಗಿಸುತ್ತೇನೆ. 1.1147 ಎಂಬುದು ಪಟ್ಟಿಯ ಹೊರ ಅಂಚಿನ ಉದ್ದವೋ ಒಳ ಅಂಚಿನದೋ? ಮತ್ತೆ ನೆಲದ ಮೇಲೆ ಇದನ್ನು ಗುರುತಿಸುವುದು ಹೇಗೆ? ಎಂಟು ಬಾರಿ 135 ಡಿಗ್ರಿ ಅಳೆಯುತ್ತ ಹೋದರೆ ಕೊನೆಯ ಮೂಲೆ ಮೊದಲನೆಯದಕ್ಕೆ ಬಂದು ಕೂಡುವುದಿಲ್ಲ ಎಂದು ಅನುಭವದಿಂದ ಹೇಳಬಲ್ಲೆ.

ತೂಗುಗುಂಡು ಉತ್ತರಿಸಿದ್ದಾರೆ:

ನಾನೂ ನಿಮ್ಮ ಕಸುಬಿನವನೇ. ಕೋನ ಅಳೆಯುವುದನ್ನು ಬಿಟ್ಟುಬಿಡಿ. ಅಷ್ಟಭುಜವನ್ನು ಚೌಕದೊಳಗಿನಿಂದ ತೆಗೆಯಬೇಕು. ಈ ವಿಧಾನದಲ್ಲಿ ಟ್ಯಾನ್ ಬೇಡ, ಕೋನಮಾಪಕವೂ ಬೇಡ, ಉದ್ದದ ಅಳತೆಗಳಷ್ಟೇ ಸಾಕು.

ಒಂದು ಚೌಕ ಹಾಕಿ, ಅದರ ನಾಲ್ಕು ಮೂಲೆಗಳನ್ನು ಓರೆಯಾಗಿ ಕತ್ತರಿಸಿದರೆ ಉಳಿಯುವುದು ಅಷ್ಟಭುಜ. ಕತ್ತರಿಸಿ ತೆಗೆದ ನಾಲ್ಕು ತುಂಡುಗಳನ್ನು ಕೈಯಲ್ಲಿ ಹಿಡಿದು ನೋಡಿ. ಒಂದೊಂದೂ ಲಂಬಕೋನ ತ್ರಿಭುಜ, ಅದರ ಉದ್ದನೆಯ ಅಂಚೇ ಅಷ್ಟಭುಜದ ಬಾಹು. ಆ ನಾಲ್ಕೂ ಲಂಬಕೋನಗಳನ್ನು ಒಂದೇ ಬಿಂದುವಿಗೆ ಕೂಡಿಸಿ ನೆಲದ ಮೇಲೆ ಜೋಡಿಸಿದರೆ ಒಂದು ಪುಟ್ಟ ಚೌಕವಾಗುತ್ತದೆ, ಅದರ ನಾಲ್ಕು ಬದಿಯೂ ಅಷ್ಟಭುಜದ ಬಾಹುವಿನಷ್ಟೇ. ಹೀಗಾಗಿ ಅಷ್ಟಭುಜದ ವಿಸ್ತೀರ್ಣ ಎಂದರೆ ದೊಡ್ಡ ಚೌಕದಿಂದ ಈ ಪುಟ್ಟ ಚೌಕವನ್ನು ಕಳೆದಷ್ಟು. ಹಲಗೆಯ ಚೂರುಗಳನ್ನು ಆಯ್ದು ಜೋಡಿಸುವಾಗ ಇದು ಕಣ್ಣಿಗೆ ಬಿತ್ತು, ಅಂದಿನಿಂದ ಬೇರೆ ಸೂತ್ರ ಹುಡುಕಿಲ್ಲ.

ದೊಡ್ಡ ಚೌಕದ ಬದಿ ಅಷ್ಟಭುಜದ ಬಾಹುವಿನ 2.4142 ಪಟ್ಟು. ಏಕೆಂದರೆ ನಡುವೆ ಒಂದು ಪೂರ್ತಿ ಬಾಹು, ಎರಡು ತುದಿಗಳಲ್ಲಿ ಬಾಹುವಿನ 0.7071 ಪಾಲು. 2.4142ರ ವರ್ಗ 5.8284. ಅದರಲ್ಲಿ ಪುಟ್ಟ ಚೌಕದ 1 ಕಳೆದರೆ 4.8284. ಟೀಚರ್ ಕೊಟ್ಟ ಸಂಖ್ಯೆಯೇ ಬಂತಲ್ಲ!

ನಿಮ್ಮ ಕೆಲಸಕ್ಕೆ ಅಳತೆ ಹೀಗೆ. ದೊಡ್ಡ ಚೌಕದ ಬದಿ 2.691 ಮೀಟರ್. ಮೊದಲು ಅದನ್ನು ನೆಲದ ಮೇಲೆ ಹಾಕಿ, ಎರಡೂ ಕರ್ಣಗಳು 3.806 ಮೀಟರ್ ಬರುವವರೆಗೆ ಸರಿಪಡಿಸಿ. ಆಮೇಲೆ ಕರ್ಣದ ಅರ್ಧವನ್ನು, ಅಂದರೆ 1.903 ಮೀಟರನ್ನು, ಪ್ರತಿ ಮೂಲೆಯಿಂದ ಎರಡೂ ಬದಿಗಳ ಮೇಲೆ ಅಳೆದು ಗುರುತು ಹಾಕಿ. ನಾಲ್ಕು ಮೂಲೆಗೆ ಎರಡೆರಡು, ಒಟ್ಟು ಎಂಟು ಗುರುತುಗಳು. ಅವೇ ನಿಮ್ಮ ಎಂಟು ಶೃಂಗಗಳು. ಪಕ್ಕಪಕ್ಕದ ಗುರುತುಗಳ ನಡುವೆ 1.115 ಇದೆಯೇ ಎಂದು ನೋಡಿ. ಸಣ್ಣ ಹಲಗೆಯಾದರೆ ಕೈವಾರದ ಮೊನೆಯನ್ನು ಚೌಕದ ಮೂಲೆಯಲ್ಲಿಟ್ಟು, ಚೌಕದ ನಡುವಿನವರೆಗೆ ಬಿಡಿಸಿ ಕಂಸ ಎಳೆದರೂ ಇದೇ ಆಗುತ್ತದೆ.

ಪಟ್ಟಿಯ ವಿಷಯ: ಕಾಗದದಲ್ಲಿ ಮೇಲ್ಮೈ 6 ಎಂದಿದ್ದರೆ 1.1147 ಹೊರ ಅಂಚಿನ ಉದ್ದ. ಗರಗಸವನ್ನು 22.5 ಡಿಗ್ರಿಗೆ ಓರೆ ಮಾಡಿ ಎರಡೂ ತುದಿ ಕೊಯ್ಯಬೇಕು. 10 ಸೆಂಟಿಮೀಟರ್ ಅಗಲದ ಪಟ್ಟಿಯಲ್ಲಿ ಒಂದೊಂದು ತುದಿಗೆ 4.14 ಸೆಂಟಿಮೀಟರ್ ಒಳಸರಿಯುತ್ತದೆ, ಆದ್ದರಿಂದ ಒಳ ಅಂಚು ಸುಮಾರು 1.032 ಮೀಟರ್ ಆಗುತ್ತದೆ. ಹೊರ ಅಂಚನ್ನೇ ಅಳೆಯಿರಿ, ಒಳ ಅಂಚು ತಾನಾಗಿ ಬರುತ್ತದೆ.

ಹತ್ತನೆಯ ತರಗತಿ ಕೇಳಿದ್ದಾರೆ:

ನಡುವೆ ಬಂದದ್ದಕ್ಕೆ ಕ್ಷಮಿಸಿ. ನಾನು ವಿದ್ಯಾರ್ಥಿ. ಚೌಕದ ಉಪಾಯ ಪಂಚಭುಜಕ್ಕೆ ನಡೆಯುವುದಿಲ್ಲ ಅಲ್ಲವೇ? ನನ್ನ ಅಭ್ಯಾಸದ ಲೆಕ್ಕದಲ್ಲಿ ನಿಯಮಿತ ಪಂಚಭುಜದ ವಿಸ್ತೀರ್ಣ 100 ಚದರ ಸೆಂಟಿಮೀಟರ್, ಬಾಹು ಕಂಡುಹಿಡಿಯಬೇಕು. ನಾನು ಟ್ಯಾನ್ 36° = 0.7 ಎಂದು ತೆಗೆದುಕೊಂಡು 7.48 ಪಡೆದೆ, ಪುಸ್ತಕದ ಉತ್ತರ 7.62. ಇನ್ನೊಂದು ಪ್ರಶ್ನೆ: ವಿಸ್ತೀರ್ಣ ಬದಲಾಗದೆ ಬಾಹುಗಳ ಸಂಖ್ಯೆ ಮಾತ್ರ ಹೆಚ್ಚಿದರೆ ಸುತ್ತಳತೆ ಹೆಚ್ಚುತ್ತದೆಯೇ, ಕಡಿಮೆಯಾಗುತ್ತದೆಯೇ?

ರೇಖಾಗಣಿತದ ಟೀಚರ್ ಉತ್ತರಿಸಿದ್ದಾರೆ:

ಕ್ಷಮೆ ಏಕೆ ಮಗು, ಇದೇ ಪಾಠದ ಮುಂದಿನ ಪುಟ.

ನಿನ್ನ ವಿಧಾನದಲ್ಲಿ ಕೊರತೆಯಿಲ್ಲ, ಅಂಕಿಯನ್ನು ಮೊಟಕುಗೊಳಿಸುವ ಅವಸರವಷ್ಟೇ. ಟ್ಯಾನ್ 36° = 0.72654. ಆರಂಭದಲ್ಲಿಯೇ 0.7 ಮಾಡಿದರೆ ಮುಂದಿನ ಪ್ರತಿ ಹೆಜ್ಜೆಯೂ ಆ ಭಾರ ಹೊರುತ್ತದೆ. 4 × 100 × 0.72654 ÷ 5 = 58.123, ವರ್ಗಮೂಲ 7.624. ಕ್ಯಾಲ್ಕುಲೇಟರ್ ಇಲ್ಲದಿದ್ದರೂ ಈ ಬೆಲೆಯನ್ನು ಪಡೆಯಬಹುದು: ಟ್ಯಾನ್ 36° ಎಂದರೆ √(5 − 2√5). √5 = 2.23607, ಅದರ ಎರಡರಷ್ಟು 4.47214, 5ರಿಂದ ಕಳೆದರೆ 0.52786, ಮೂಲ 0.72654. ಪಂಚಭುಜದೊಳಗೆ √5 ಅಡಗಿ ಕುಳಿತಿರುವುದು ನನಗೆ ಇಂದಿಗೂ ಬೆರಗು.

ಎರಡನೆಯ ಪ್ರಶ್ನೆಗೆ ನಮ್ಮ 6 ಚದರ ಮೀಟರನ್ನೇ ಹಿಡಿಯೋಣ. ಸಮಬಾಹು ತ್ರಿಭುಜವಾದರೆ ಬಾಹು 3.722, ಸುತ್ತಳತೆ 11.17 ಮೀಟರ್. ಚೌಕವಾದರೆ ಸುತ್ತಳತೆ 9.80. ಷಡ್ಭುಜಕ್ಕೆ 9.12, ಅಷ್ಟಭುಜಕ್ಕೆ 8.92, ದ್ವಾದಶಭುಜಕ್ಕೆ 8.78. ಕಡಿಮೆಯಾಗುತ್ತ ಹೋಗುತ್ತದೆ, ಆದರೆ ಎಷ್ಟು ನಿಧಾನವಾಗುತ್ತ ಬಂತು ನೋಡು! ಮೂರರಿಂದ ನಾಲ್ಕಕ್ಕೆ ಹೋದಾಗ ಸುಮಾರು 1.37 ಮೀಟರ್ ಇಳಿಯಿತು, ಎಂಟರಿಂದ ಹನ್ನೆರಡಕ್ಕೆ ಹೋದಾಗ 13 ಸೆಂಟಿಮೀಟರ್ ಮಾತ್ರ. ಬಾಹುಗಳನ್ನು ಎಷ್ಟೇ ಹೆಚ್ಚಿಸಿದರೂ 8.683 ಮೀಟರಿಗಿಂತ ಕೆಳಗೆ ಹೋಗಲಾರೆ, ಏಕೆಂದರೆ ಅದು 6 ಚದರ ಮೀಟರಿನ ವೃತ್ತದ ಪರಿಧಿ. ಆರ್ಕಿಮಿಡೀಸ್ ವೃತ್ತದ ಒಳಗೂ ಹೊರಗೂ 96 ಬಾಹುಗಳ ಆಕೃತಿಗಳನ್ನಿಟ್ಟು ಪೈ ಬೆಲೆಯು 3 10/71 ಮತ್ತು 3 1/7ರ ನಡುವೆ ಇದೆ ಎಂದು ತೋರಿಸಿದ್ದು ಇದೇ ನಿಧಾನದ ಓಟವನ್ನು ಬಳಸಿಕೊಂಡು.

ಒಂದು ಕೆಲಸ ಮಾಡಿ ನೋಡು: 6 ಚದರ ಮೀಟರಿನ ದ್ವಾದಶಭುಜದ ಬಾಹುವನ್ನು ದಶಮಾಂಶದಲ್ಲಿ ಬರೆಯದೆ ಮೂಲಚಿಹ್ನೆಯಲ್ಲಿಯೇ ಬಿಡಿಸು. ಟ್ಯಾನ್ 15° = 2 − √3 ಎಂದು ತೆಗೆದುಕೋ. ಕೊನೆಗೆ √3 − 1 ಎಂಬ ಚೊಕ್ಕ ಉತ್ತರ ಸಿಗಬೇಕು.

ಹಳೆಯ ಲೆಕ್ಕ ಬರೆದಿದ್ದಾರೆ:

ಟೀಚರ್ ಗೋಡೆಯ ಮೇಲೆ ಬರೆದಿಡಿ ಎಂದರಲ್ಲ, ಇಂಥ ಸಂಖ್ಯೆಗಳನ್ನು ಬರೆದಿಡುವುದು ನಮ್ಮಲ್ಲಿ ಹಳೆಯ ಪದ್ಧತಿ. ಎರಡನೆಯ ಭಾಸ್ಕರಾಚಾರ್ಯರ ‘ಲೀಲಾವತಿ’ಯಲ್ಲಿ, 12ನೆಯ ಶತಮಾನದಲ್ಲಿ, ವ್ಯಾಸ 120000 ಇರುವ ವೃತ್ತದೊಳಗೆ ಕೂರುವ ನಿಯಮಿತ ಆಕೃತಿಗಳ ಬಾಹುಗಳನ್ನು ಕೊಟ್ಟಿದೆ: ತ್ರಿಭುಜಕ್ಕೆ 103923, ಚೌಕಕ್ಕೆ 84853, ಪಂಚಭುಜಕ್ಕೆ 70534, ಷಡ್ಭುಜಕ್ಕೆ 60000, ಅಷ್ಟಭುಜಕ್ಕೆ 45922. ಈಗಿನ ಯಂತ್ರದಲ್ಲಿ ತಾಳೆ ನೋಡಿದೆ, ಈ ಐದೂ ಪೂರ್ಣಾಂಕಕ್ಕೆ ಸರಿಯಾಗಿಯೇ ಇವೆ. ಸಪ್ತಭುಜದ 52055 ಮತ್ತು ನವಭುಜದ 41031 ಮಾತ್ರ ನಿಜವಾದ ಬೆಲೆಗಿಂತ ತುಸು ಕಡಿಮೆ, 120000ದಲ್ಲಿ ಹನ್ನೊಂದರಷ್ಟು.

ಇದರಿಂದ ನಿಮ್ಮ ವೇದಿಕೆಗೂ ಒಂದು ಉಪಯೋಗವಿದೆ. ಎಂಟು ಮೂಲೆಗಳೂ ಒಂದು ವೃತ್ತದ ಮೇಲೆ ಇರುತ್ತವೆ. ಬಾಹು 1.1147 ಆದರೆ ಆ ವೃತ್ತದ ವ್ಯಾಸ 1.1147 × 120000 ÷ 45922 = 2.913 ಮೀಟರ್, ತ್ರಿಜ್ಯ 1.456. ನಡುವೆ ಗೂಟ ನೆಟ್ಟು ಈ ತ್ರಿಜ್ಯದಲ್ಲಿ ವೃತ್ತ ಎಳೆದು, ಅದರ ಮೇಲೆ 1.1147ರಂತೆ ಗುರುತಿಸುತ್ತ ಹೋದರೂ ಎಂಟನೆಯ ಹೆಜ್ಜೆ ಮೊದಲ ಗುರುತಿಗೇ ಬಂದು ಸೇರುತ್ತದೆ.

ಉಳಿಬಾಚಿ ಬರೆದಿದ್ದಾರೆ:

ಎಲ್ಲರಿಗೂ ಮನಸಾರೆ ವಂದನೆಗಳು. ತೂಗುಗುಂಡು ಅವರು ಹೇಳಿದಂತೆ ಚೂರುಗಳನ್ನು ಜೋಡಿಸಿ ನೋಡಿದೆ, ಪುಟ್ಟ ಚೌಕ ಆಗಿಯೇ ಆಯಿತು. ಮಗಳನ್ನೂ ಕರೆದು ತೋರಿಸಿದೆ. ಎಂಟು ಪಟ್ಟಿಗಳನ್ನು ಹೊರ ಅಂಚು 111.5 ಸೆಂಟಿಮೀಟರಿಗೆ ಕೊಯ್ಯಲು ಗುರುತು ಹಾಕಿಕೊಂಡಿದ್ದೇನೆ. ಎಂಟೂ ಒಂದೇ ಉದ್ದ ಬಂದರೆ ವಿಸ್ತೀರ್ಣ 6 ಆಗಿಯೇ ಆಗುತ್ತದೆ ಎಂದು ನಂಬಿಕೊಳ್ಳಬಹುದೇ?

ರೇಖಾಗಣಿತದ ಟೀಚರ್ ಉತ್ತರಿಸಿದ್ದಾರೆ:

ಇಲ್ಲ, ಅಷ್ಟು ಸಾಲದು. ನೀವು ಕೇಳಿದ್ದು ಒಳ್ಳೆಯದಾಯಿತು.

ನಾಲ್ಕು ಸಮ ಪಟ್ಟಿಗಳ ಚೌಕಟ್ಟನ್ನು ಒಂದು ಮೂಲೆ ಹಿಡಿದು ತಳ್ಳಿದರೆ ಅದು ವಾಲಿ ವಜ್ರಾಕೃತಿಯಾಗುತ್ತದೆ. ಬಾಹುಗಳ ಉದ್ದ ಕೂದಲೆಳೆಯಷ್ಟೂ ಬದಲಾಗಿಲ್ಲ, ವಿಸ್ತೀರ್ಣ ಕುಗ್ಗಿದೆ. ಎಂಟು ಪಟ್ಟಿಗಳಾದರೆ ವಾಲುವ ದಾರಿಗಳು ಇನ್ನೂ ಹೆಚ್ಚು. ಎಂಟು ಸಮ ಬಾಹುಗಳಿಂದ ಆಗುವ ಆಕೃತಿಗಳಲ್ಲೆಲ್ಲ ನಿಯಮಿತ ಅಷ್ಟಭುಜಕ್ಕೇ ಅತಿ ದೊಡ್ಡ ವಿಸ್ತೀರ್ಣ. ಆದ್ದರಿಂದ ಚೌಕಟ್ಟು ಯಾವ ಕಡೆಗೆ ಜಗ್ಗಿದರೂ ನಿಮಗೆ 6ಕ್ಕಿಂತ ಕಡಿಮೆಯೇ ಸಿಗುತ್ತದೆ, ಹೆಚ್ಚು ಎಂದೂ ಸಿಗುವುದಿಲ್ಲ. ನಾವು ಇಲ್ಲಿ ಮಾಡಿದ ಎಲ್ಲ ಲೆಕ್ಕವೂ ‘ನಿಯಮಿತ’ ಎಂಬ ಷರತ್ತಿನ ಮೇಲೆ ನಿಂತಿದೆ: ಬಾಹುಗಳೂ ಸಮ, ಕೋನಗಳೂ ಸಮ.

ಪರೀಕ್ಷಿಸುವುದು ಕಷ್ಟವಲ್ಲ. ಹಳೆಯ ಲೆಕ್ಕ ಅವರು ಹೇಳಿದ ನಡುವಿನ ಗೂಟವನ್ನು ಕೀಳಬೇಡಿ. ಪಟ್ಟಿಗಳನ್ನು ಜೋಡಿಸಿದ ಮೇಲೆ, ಮೊಳೆ ಬಿಗಿಯುವ ಮುಂಚೆ, ಗೂಟದಿಂದ ಎಂಟೂ ಹೊರಮೂಲೆಗಳಿಗೆ ಅಳೆಯಿರಿ. ಎಂಟೂ 1.456 ಮೀಟರ್ ಬಂದು, ಎಂಟು ಬಾಹುಗಳೂ ಸಮನಾಗಿದ್ದರೆ ಆಕೃತಿ ನಿಯಮಿತವೇ, ಸಂಶಯವಿಲ್ಲ. ಎದುರುಬದುರು ಮೂಲೆಗಳ ನಾಲ್ಕು ಕರ್ಣಗಳನ್ನು ಮಾತ್ರ ಅಳೆದು ಮುಗಿಸಬೇಡಿ, ಆ ನಾಲ್ಕೂ ಸಮನಾಗಿದ್ದು ಆಕೃತಿ ಸ್ವಲ್ಪ ಜಗ್ಗಿರಲು ಸಾಧ್ಯ.

111.47ರ ಬದಲು 111.5 ತೆಗೆದುಕೊಂಡಿದ್ದರಿಂದ ಯಾವ ತೊಂದರೆಯೂ ಇಲ್ಲ, ವಿಸ್ತೀರ್ಣ 6.003 ಆಗುತ್ತದೆ. ಬಾಹುವಿನಲ್ಲಿ ನೂರಕ್ಕೆ ಒಂದು ತಪ್ಪಿದರೆ ವಿಸ್ತೀರ್ಣದಲ್ಲಿ ನೂರಕ್ಕೆ ಎರಡು ತಪ್ಪುತ್ತದೆ ಎಂದು ನೆನಪಿಟ್ಟುಕೊಂಡರೆ ಎಲ್ಲಿ ಬಿಗಿಯಾಗಿರಬೇಕು, ಎಲ್ಲಿ ಸಡಿಲ ಬಿಡಬಹುದು ಎಂದು ನೀವೇ ನಿರ್ಧರಿಸಬಹುದು. 5 ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ವಿಸ್ತೀರ್ಣ 0.05 ಚದರ ಮೀಟರಿನಷ್ಟು ಆಚೀಚೆ ಆಗುತ್ತದೆ.

ತೂಗುಗುಂಡು ಬರೆದಿದ್ದಾರೆ:

ಒಂದು ಮಾತು ಸೇರಿಸುತ್ತೇನೆ. ಗೂಟದಿಂದ ಅಳೆಯುವಾಗ ದಾರ ಬಳಸಬೇಡಿ, ಉಕ್ಕಿನ ಟೇಪು ಬಳಸಿ. ದಾರವನ್ನು ಒಂದೊಂದು ಮೂಲೆಗೆ ಒಂದೊಂದು ಬಿಗಿಯಲ್ಲಿ ಎಳೆಯುತ್ತೇವೆ, ಅದು ಹಿಗ್ಗಿದ್ದು ಗೊತ್ತಾಗುವುದಿಲ್ಲ. ಟೇಪಿನ ತುದಿಯ ಕೊಕ್ಕೆ ಅಲುಗಾಡುವಂಥದ್ದಾದರೆ 10 ಸೆಂಟಿಮೀಟರ್ ಗುರುತನ್ನು ಗೂಟದ ಮೊಳೆಗೆ ಹಿಡಿದು, ಮೂಲೆಯಲ್ಲಿ 1.556 ಓದಿ.

ಉಳಿಬಾಚಿ ಬರೆದಿದ್ದಾರೆ:

ಹಾಗೆಯೇ ಮಾಡುತ್ತೇನೆ. ಮೊದಲು ಗೂಟ, ಆಮೇಲೆ ಚೌಕ, ಕೊನೆಗೆ ಗರಗಸ. ಷಡ್ಭುಜದ ಎರಡು ಸಣ್ಣ ಮೇಜುಗಳೂ ಇದೇ ಕೆಲಸದಲ್ಲಿವೆ, ಒಂದೊಂದಕ್ಕೆ 0.65 ಚದರ ಮೀಟರ್. 0.65 ÷ 2.5981 ಮಾಡಿ ಮೂಲ ತೆಗೆದಾಗ ಬಾಹು 0.5002 ಬಂತು, ಅರ್ಧ ಮೀಟರ್ ಎಂದೇ ಕೊಯ್ಯುತ್ತೇನೆ.